ಮೂಗಪ್ಪನ ನಾಲ್ಕು ಗ್ಲಾಸು

ಆ ಕಾರ್ಖಾನೆಗೆ ಹೊಸದಾಗಿ ಸೇರಿದವರು ಮೊದಲ ಒಂದು ವಾರ ಅವನ ಜೊತೆ ಕೈಸನ್ನೆಯಲ್ಲೇ ಮಾತಾಡುತ್ತಿದ್ದರು. ಎಲ್ಲರೂ ‘ಮೂಗಪ್ಪ, ಮೂಗಪ್ಪ’ ಎಂದು ಕರೆಯುವುದನ್ನು ಕೇಳಿ, ಪಾಪ, ಮಾತು ಬಾರದ ಮನುಷ್ಯ ಇರಬೇಕು ಅಂದುಕೊಳ್ಳುತ್ತಿದ್ದರು. ಅವನೂ ತಿದ್ದುತ್ತಿರಲಿಲ್ಲ. ಎದುರಿನವನು ಎರಡು ಬೆರಳು ತೋರಿಸಿದರೆ ತಾನೂ ಮೂರು ಬೆರಳು ತೋರಿಸಿ ಕಳಿಸುತ್ತಿದ್ದ. ವಾರ ಕಳೆದ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ, “ಬಾಗಿಲು ಹಾಕ್ಕೊಂಡು ಹೋಗಪ್ಪಾ, ಹೊರಗಿನ ವಾಸನೆ ಒಳಗೆ ಬರುತ್ತೆ” ಅಂದರೆ ಆ ಬಡಪಾಯಿ ಬಾಗಿಲಲ್ಲೇ ಬೆಚ್ಚಿ ನಿಲ್ಲುತ್ತಿದ್ದ.

ಮೂಗಪ್ಪ ಮೂಗನಲ್ಲ, ಮೂಗಿನವನು. ವಿಸ್ಕಿ ತಯಾರಿಸುವ ಆ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಮೂಗಿನಿಂದಲೇ ಹೊಟ್ಟೆ ಹೊರೆದವನು.

ಅವನ ಕೆಲಸ ಹೀಗಿತ್ತು ನೋಡಿ. ಕಾರ್ಖಾನೆಯ ಹಿಂದೆ ಉದ್ದನೆಯ ಉಗ್ರಾಣಗಳು. ಒಳಗೆ ಸಾಲುಸಾಲಾಗಿ ಮರದ ಪೀಪಾಯಿಗಳು, ಒಂದೊಂದರಲ್ಲೂ ವರ್ಷಗಟ್ಟಲೆ ಸುಮ್ಮನೆ ಮಲಗಿದ ವಿಸ್ಕಿ. ಮಲಗಿದ್ದರೂ ಅದು ಉಸಿರಾಡುತ್ತದೆ. ಮರದ ಸಂದಿನಿಂದ ಆವಿ ಹೊರಟು ಗೋಡೆಗಳೆಲ್ಲ ಮಸಿ ಬಳಿದಂತೆ ಕಪ್ಪಾಗಿದ್ದವು. ಪೀಪಾಯಿ ಮೇಸ್ತ್ರಿ ಪ್ರತಿ ಪೀಪಾಯಿಯಿಂದ ಒಂದಿಷ್ಟು ಸಣ್ಣ ಸೀಸೆಗೆ ತುಂಬಿ ಮೂಗಪ್ಪನ ಕೋಣೆಗೆ ಕಳಿಸುತ್ತಿದ್ದ. ಬಿಳಿ ಹಂಚಿನ ಗೋಡೆ, ಉದ್ದ ಮೇಜು, ಉಗುಳುವುದಕ್ಕೊಂದು ತೊಟ್ಟಿ, ಅಷ್ಟೇ ಆ ಕೋಣೆ. ಮೂಗಪ್ಪ ಬಾಯಿ ಕಿರಿದಾದ ಗ್ಲಾಸಿಗೆ ಸೀಸೆಯದನ್ನು ಸುರಿದು, ಅಷ್ಟೇ ನೀರು ಬೆರೆಸಿ, ಗಾಜಿನ ಬಿಲ್ಲೆ ಮುಚ್ಚಿಡುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ಬಿಲ್ಲೆ ಸರಿಸಿ, ಬಾಯಿ ಅರೆ ತೆರೆದು ಮೂಸುವುದು. ಒಂದು ಗುಟುಕು ನಾಲಿಗೆ ಮೇಲೆ ಹೊರಳಿಸಿ ಉಗುಳುವುದು. ಆಮೇಲೆ ರಿಜಿಸ್ಟರಿನಲ್ಲಿ ಒಂದೆರಡು ಮಾತು ಬರೆಯುವುದು: ‘ಒದ್ದೆ ಹಲಗೆ’, ‘ಸುಟ್ಟ ಸಕ್ಕರೆ’, ‘ಬೀಗ ಹಾಕಿದ್ದ ಲೈಬ್ರರಿ’. ದಿನಕ್ಕೆ ನಲವತ್ತು ಗ್ಲಾಸು. ಮೂಗು ದಣಿದರೆ ತನ್ನ ಅಂಗಿಯ ತೋಳನ್ನೇ ಮೂಸಿಕೊಳ್ಳುತ್ತಿದ್ದ. ತನ್ನ ವಾಸನೆ ತನಗೆ ಗೊತ್ತಾಗುವುದಿಲ್ಲವಲ್ಲ, ಅದರಿಂದ ಮೂಗು ಸ್ಲೇಟು ಒರೆಸಿದ ಹಾಗೆ ಆಗುತ್ತದೆ. ಆ ಕಸುಬಿನವರೆಲ್ಲ ಹಾಗೇ ಮಾಡುತ್ತಾರೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಮದುವೆಯಾಯಿತು. ಮದುವೆಯಾಗಿ ಬಂದ ವಾರ ಅವನು ರಿಜಿಸ್ಟರಿನಲ್ಲಿ ಹನ್ನೊಂದು ಪೀಪಾಯಿಗಳ ಮುಂದೆ ‘ಗುಲಾಬಿ’ ಎಂದು ಬರೆದಿದ್ದ. ಅವನಿಗೆ ಕೆಲಸ ಕಲಿಸಿದ ಹಿರಿಯರು ಅದನ್ನು ನೋಡಿ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿ, “ಲೋ, ಇದು ಪೀಪಾಯಿ ವಾಸನೆ ಅಲ್ಲ ಕಣಯ್ಯ. ನಿನ್ನ ಹೆಂಡತಿ ಪೌಡರಿಂದು!” ಅಂದರು. ಕಾರ್ಖಾನೆಗೆ ಕಾರ್ಖಾನೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೂಗಪ್ಪ ಮನೆಗೆ ಬಂದು ಹೇಳಿದಾಗ ಹೆಂಡತಿಯೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು, ಅವತ್ತೇ ಪೌಡರ್ ಡಬ್ಬಿಯನ್ನು ಪಕ್ಕದ ಮನೆಯವಳಿಗೆ ಕೊಟ್ಟುಬಿಟ್ಟಳು. “ನಿಮ್ಮ ಮೂಗು ಅಂದ್ರೆ ನಂದೂ ಅಲ್ವಾ?” ಅಂದಳು.

ಅಲ್ಲಿಂದ ಶುರುವಾಯಿತು ಅನ್ನಿ. ಪೌಡರಾದ ಮೇಲೆ ತಲೆಗೆ ಹಚ್ಚುವ ಎಣ್ಣೆ. ಎಣ್ಣೆಯಾದ ಮೇಲೆ ಸಾಬೂನು. ಅಂಗಡಿಯವನ ಹತ್ತಿರ ಹೇಳಿಸಿ ವಾಸನೆ ಇಲ್ಲದ್ದನ್ನೇ ತರಿಸುವುದು. ಬೆಳಿಗ್ಗೆ ಈರುಳ್ಳಿ ಹುರಿಯುವಂತಿಲ್ಲ. ಹೂದಾನಿ ಇತ್ತು, ಹೂವಿರಲಿಲ್ಲ. ಬಟ್ಟೆ ಒಗೆದು ಎರಡು ನೀರಿನ ಬದಲು ನಾಲ್ಕು ನೀರಲ್ಲಿ ಜಾಲಿಸಬೇಕು. ಅವನು ಒಂದು ದಿನವೂ ಗದರಲಿಲ್ಲ, ಕೈ ಎತ್ತಿದವನಂತೂ ಅಲ್ಲ. ಮೂಗು ಸ್ವಲ್ಪ ಅರಳಿಸುತ್ತಿದ್ದ, ಅಷ್ಟೇ. ಅವಳಿಗೆ ಅಷ್ಟು ಸಾಕಾಗುತ್ತಿತ್ತು. ಮಕ್ಕಳಾಗಲಿಲ್ಲ. ಬಂದುಹೋಗುವವರು, “ಎಷ್ಟು ಚೊಕ್ಕವಾಗಿ ಇಟ್ಟಿದೀರಮ್ಮ ಮನೇನ” ಅನ್ನುತ್ತಿದ್ದರು. ಪಕ್ಕದ ಮನೆಯವಳು ಮಾತ್ರ ಒಮ್ಮೆ ಬಾಯಿ ತಪ್ಪಿ, “ಬಾಡಿಗೆಗೆ ಖಾಲಿ ಇರೋ ಮನೆ ತರ ಇದೆ” ಅಂದುಬಿಟ್ಟಿದ್ದಳು. ಹೀಗೆ ಇಪ್ಪತ್ತೇಳು ವರ್ಷ.

ಆಮೇಲೆ ನಾದಿನಿಯ ಮಂಡಿ ಆಪರೇಷನ್ ಆಯಿತು. ನಾದಿನಿ ಅಂದರೆ ಹೆಂಡತಿಯ ತಂಗಿ; ಬಸ್ಸಿನಲ್ಲಿ ಎರಡು ಗಂಟೆ ದಾರಿಯ ಊರಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು, ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಒಬ್ಬಳೇ ಇದ್ದವಳು. “ಹದಿನೈದು ದಿನ ಇದ್ದು ಬರ್ತೀನ್ರೀ” ಅಂತ ಹೆಂಡತಿ ಹೊರಟಳು. ಹದಿನಾರನೇ ದಿನ ವಾಪಸು ಬಂದಳು ಕೂಡ. ತಂಗಿಯ ಸಾಬೂನಲ್ಲಿ ಸ್ನಾನ ಮಾಡಿ, ತಂಗಿಯ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಕೈಚೀಲ ಹಿಡಿದು ಬಾಗಿಲು ತಟ್ಟಿದಳು. ಮೂಗಪ್ಪ ಬಾಗಿಲು ತೆಗೆದ. ಹದಿನೈದು ದಿನ ದಾರಿ ಕಾದವನು. ಆದರೆ ಬಾಯಿ ನಗುವುದಕ್ಕೆ ಮುಂಚೆ ಅವನ ಕೈ ತಾನಾಗಿ ಮೇಲೆದ್ದಿತು. ತೋಳಿಗೆ ಮೂಗು ಒತ್ತಿ ಮೂಸಿಕೊಂಡ. ಒಂದು ಸಲ ಅಲ್ಲ, ಎರಡು ಸಲ.

ಅವಳು ಹೊಸ್ತಿಲ ಆಚೆಯೇ ನಿಂತಿದ್ದಳು. “ಅಯ್ಯೋ, ತಂಗಿ ಮಾತ್ರೆ ನನ್ನ ಚೀಲದಲ್ಲೇ ಉಳ್ಕೊಂಡಿದೆ. ಕೊಟ್ಟು ಬಂದುಬಿಡ್ತೀನಿ” ಅಂದು ಬಂದ ಬಸ್ಸಿಗೇ ತಿರುಗಿ ಹೋದಳು. ಎರಡು ವರ್ಷವಾಯಿತು. ಆ ಚೀಲದಲ್ಲಿ ಮಾತ್ರೆ ಇತ್ತೋ ಇಲ್ಲವೋ ಅವನು ಕೇಳಲೂ ಇಲ್ಲ, ಅವಳು ಹೇಳಲೂ ಇಲ್ಲ.

ಅರವತ್ತು ತುಂಬಿ ಮೂಗಪ್ಪನಿಗೆ ನಿವೃತ್ತಿಯಾದಾಗ ಮ್ಯಾನೇಜರು ನಾಲ್ಕು ಒಳ್ಳೆಯ ಮಾತಾಡಿದರು. ಅದೊಂದೂ ಅವನ ಕಿವಿಗೆ ಬೀಳಲಿಲ್ಲ. ಅವನ ತಲೆಯಲ್ಲಿದ್ದದ್ದು ಒಂದೇ ಯೋಚನೆ. ಇನ್ನು ಈ ಮೂಗನ್ನು ಯಾರೂ ಕಾಯಬೇಕಾಗಿಲ್ಲ. ಅವಳನ್ನು ಮನೆಗೆ ಕರೆದುಕೊಂಡು ಬರಬೇಕು.

ಮೊದಲ ಭಾನುವಾರವೇ ಹೊಸ ಅಂಗಿ ತೊಟ್ಟು ಹೊರಟ. ಕೈಯಲ್ಲಿ ಮೂರು ಬಣ್ಣದ ಮೂರು ಸಾಬೂನು, ಒಂದಕ್ಕಿಂತ ಒಂದು ಘಾಟು. ಹೊಲಿಗೆ ಅಂಗಡಿಯ ಹಿಂದಿನ ಕೋಣೆಗೆ ಕಾಲಿಟ್ಟರೆ ಮೆಷಿನ್ ಎಣ್ಣೆ, ಹೊಸ ಬಟ್ಟೆಯ ಗಂಜಿ, ಹುರಿದ ಈರುಳ್ಳಿ, ಇಸ್ತ್ರಿಯ ಬಿಸಿ ಎಲ್ಲ ಒಟ್ಟಿಗೆ ಬಂದು ಮುಖಕ್ಕೆ ಬಡಿದವು. ಸಾಬೂನು ಪಕ್ಕಕ್ಕಿಟ್ಟು, ಎರಡೂ ಕೈಯನ್ನು ಜೇಬಿನಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಕೂತ.

“ಕೆಲಸ ಮುಗೀತು ಕಣೇ. ಮನೆಗೆ ಬಾ. ಯಾವ ಸಾಬೂನು ಬೇಕಾದ್ರೂ ಹಚ್ಕೋ, ಏನು ಬೇಕಾದ್ರೂ ಹುರಿ.”

ಹೆಂಡತಿ ಕೋಟಿಗೆ ಗುಂಡಿ ಹೊಲಿಯುತ್ತಿದ್ದಳು. ದಾರವನ್ನು ಹಲ್ಲಲ್ಲಿ ಕಡಿದು, “ಸಾಬೂನಿಗೋಸ್ಕರ ನಾನು ಇಲ್ಲಿಗೆ ಬಂದಿದೀನಾ?” ಅಂದಳು.

ಅವನು ಸಾಬೂನುಗಳ ಕಡೆ ನೋಡಿದ.

“ಆಯ್ತು, ಒಂದು ಕೆಲಸ ಮಾಡಿ. ಇಪ್ಪತ್ತೇಳು ವರ್ಷ ನಮ್ಮ ಮನೇನ ತಿಂದ್ಹಾಕಿದ್ದು ಅದೇನು ಅಂತ ನಾನು ಒಂದು ದಿನಾನೂ ನೋಡಿಲ್ಲ. ಮುಂದಿನ ವಾರ ತಗೊಂಡ್ಬನ್ನಿ. ಮೂಸಿ ನೋಡ್ತೀನಿ. ಆಮೇಲೆ ಬರೋ ಮಾತು, ಬಿಡೋ ಮಾತು.”

ಮೂಗಪ್ಪನಿಗೆ ಎಷ್ಟು ಸಂತೋಷವಾಯಿತೆಂದರೆ ವಾಪಸು ಬರುವಾಗ ಇಳಿಯಬೇಕಾದ ಸ್ಟಾಪು ಬಿಟ್ಟು ಮುಂದೆ ಹೋಗಿಬಿಟ್ಟ. ಮರುದಿನ ಮ್ಯಾನೇಜರ ಅಪ್ಪಣೆ ಪಡೆದು ಪೀಪಾಯಿ ಮೇಸ್ತ್ರಿಯಿಂದ ನಾಲ್ಕು ಸೀಸೆ ತುಂಬಿಸಿಕೊಂಡ. “ಏನೋ ಇದು, ಹೆಣ್ಣು ನೋಡೋಕೆ ಹೊರಟ ಗಂಡಿನ ತರ ಮುಖ ತೊಳ್ಕೊಂಡು ಬಂದಿದೀಯಾ?” ಅಂತ ಮೇಸ್ತ್ರಿ ಕಾಲೆಳೆದ. ಮೂಗಪ್ಪ ನಾಚಿಕೊಂಡ.

ಭಾನುವಾರ ಬಂತು. ಕತ್ತರಿ, ಟೇಪು, ಸೀಮೆಸುಣ್ಣ ಎಲ್ಲ ಸರಿಸಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಾಲ್ಕು ಗ್ಲಾಸು ಇಟ್ಟ. ನೀರು ಅಳೆದು ಬೆರೆಸಿ, ಬಿಲ್ಲೆ ಮುಚ್ಚಿದ. ಮೂಲೆಯ ಒಲೆ ಮೇಲೆ ನಾದಿನಿಯ ಬಾಣಲೆ ಚುರುಗುಟ್ಟುತ್ತಿತ್ತು.

“ಸ್ವಲ್ಪ ಹೊತ್ತು ಅದೊಂದು ನಿಲ್ಲಿಸಿದ್ರೆ...” ಅಂದ ಮೂಗಪ್ಪ, ನೆಲ ನೋಡುತ್ತ.

“ನಿಮ್ಮ ಕಾರ್ಖಾನೆ ಇಲ್ಲಿಗೂ ಬಂತಾ ಭಾವ?” ಅಂದಳು ನಾದಿನಿ.

“ನಿಲ್ಸೇ. ಇವತ್ತೊಂದು ದಿನ” ಅಂದಳು ಅಕ್ಕ.

ಮೊದಲ ಗ್ಲಾಸು ಬರೀ ಬಾರ್ಲಿಯದು, ಸಾದಾ ಓಕ್ ಮರದ ಪೀಪಾಯಿಯಲ್ಲಿ ಹತ್ತು ವರ್ಷ ಮಲಗಿದ್ದು. ಹೆಂಡತಿ ಅವನು ತೋರಿಸಿದ ಹಾಗೆ ಬಾಯಿ ಅರೆ ತೆರೆದು ಮೂಸಿದಳು. “ಹೊಸ ಮೇಜಿನ ಡ್ರಾಯರು ಎಳೆದಂಗಿದೆ. ಒಳಗ್ಯಾರೋ ಸೇಬು ಬಿಟ್ಟು ಹೋಗಿದಾರೆ.”

ಎರಡನೆಯದೂ ಬಾರ್ಲಿಯದೇ, ಆದರೆ ಕಾಳನ್ನು ಜೌಗು ನೆಲದಿಂದ ಕಿತ್ತು ಉರಿಸುವ ಒಣ ಹೆಂಟೆಯ ಹೊಗೆಯಲ್ಲಿ ಒಣಗಿಸಿದ್ದು. ನಾದಿನಿ ಮೊದಲು ಮೂಗು ತೂರಿಸಿ ಹಿಂದಕ್ಕೆ ಜಿಗಿದಳು. “ಥೂ! ಇಸ್ತ್ರಿಪೆಟ್ಟಿಗೆ ಮರೆತು ಆ ಬ್ಯಾಂಕಿನವರ ಪ್ಯಾಂಟು ಸುಟ್ಟಿದ್ನಲ್ಲ, ಅದೇ ಇದು!”

“ಪ್ಯಾಂಟಲ್ಲ ಕಣೇ, ಬ್ಯಾಂಡೇಜು” ಅಂದಳು ಹೆಂಡತಿ. ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಉಗುಳಬೇಕೆಂದು ಅವನು ಬಟ್ಟಲು ಚಾಚುವುದರೊಳಗೆ ನುಂಗಿಬಿಟ್ಟಳು. “ಆಸ್ಪತ್ರೆ ಪಕ್ಕದಲ್ಲಿ ಯಾರೋ ಎಲೆ ಸುಡ್ತಿದಾರೆ. ಆದ್ರೂ ಚೆನ್ನಾಗಿದೆ ರೀ. ಬೆಚ್ಚಗಾಗುತ್ತೆ.”

ಮೂರನೆಯದು ದ್ರಾಕ್ಷಾರಸ ಇಟ್ಟಿದ್ದ ಹಳೆಯ ಪೀಪಾಯಿಯದು. ಅವಳು ಕಣ್ಣು ಮುಚ್ಚಿ ಹೇಳಿದಳು. “ಚರ್ಮದ ಚೀಲದಲ್ಲಿ ಒಣದ್ರಾಕ್ಷಿ ಹಾಕಿ ಮರೆತುಬಿಟ್ಟಿದಾರೆ.”

ಮೂಗಪ್ಪ ಅವಳ ಮುಖವನ್ನೇ ನೋಡಿದ. ಆ ಪೀಪಾಯಿಗೆ ರಿಜಿಸ್ಟರಿನಲ್ಲಿ ಅವನು ಬರೆದಿದ್ದು ‘ಒಣದ್ರಾಕ್ಷಿ, ಚರ್ಮ’. ಹೀಗೆ ಬಿಡಿಸಿ ಮೂಸುವುದನ್ನು ಕಲಿಯುವುದಕ್ಕೆ ಅವನಿಗೆ ಆರು ವರ್ಷ ಹಿಡಿದಿತ್ತು. ಇಂಥ ಮೂಗು ಇಪ್ಪತ್ತೇಳು ವರ್ಷ ತನ್ನ ಪಕ್ಕದಲ್ಲೇ ಮಲಗಿ ಏಳುತ್ತಿತ್ತು, ಅದಕ್ಕೆ ಮೂಸಲು ತಾನು ಏನನ್ನೂ ಉಳಿಸಿರಲಿಲ್ಲ.

ನಾಲ್ಕನೇ ಗ್ಲಾಸು. ಇದು ಮೆಕ್ಕೆಜೋಳ, ಗೋಧಿಯದು. ಎತ್ತರದ ಕೊಳವೆಗಳಲ್ಲಿ ಮತ್ತೆ ಮತ್ತೆ ಆವಿಯಾಗಿಸಿ ಇಳಿಸಿ, ಬಹಳ ಹಗುರ ಮಾಡಿದ್ದು. ಅವಳು ಮೂಸಿದಳು. ಗ್ಲಾಸು ಆಡಿಸಿ ಮತ್ತೆ ಮೂಸಿದಳು. ಅವಳ ಮುಖದ ಮೇಲಿನ ನಗು ಒಂದೊಂದೇ ಮೆಟ್ಟಿಲು ಇಳಿದು ಹೋಯಿತು.

“ಇದರಲ್ಲಿ ಏನೂ ಇಲ್ಲ.”

“ಇನ್ನೊಂದು ಸಲ ನೋಡು.”

“ನೋಡಿದೆ. ಇದು ನಮ್ಮ ಮನೆ.”

ಹೇಳಬೇಕಾದ ಮಾತು ಕೊನೆಗೂ ಸಿಕ್ಕಿತು ಅನ್ನಿಸಿ, ಮೂಗಪ್ಪ ಜೀವಮಾನದಲ್ಲಿ ಮೊದಲ ಸಲ ಹೆಂಡತಿಯನ್ನು ಹೊಗಳಲು ಬಾಯಿ ತೆಗೆದ.

“ಇದಕ್ಕೆ ನಾವು ಸಪ್ಪೆ ಅಂತೀವಿ. ನೀನೂ ಅಷ್ಟೇ ಕಣೇ. ನನಗೆ ನೀನು ಸಪ್ಪೆ.”

ಈಗ ಇದನ್ನು ಹೇಳಲೇಬೇಕು, ಇಲ್ಲದಿದ್ದರೆ ಅವನಿಗೆ ಅನ್ಯಾಯವಾಗುತ್ತದೆ. ಆ ಬಿಳಿ ಹಂಚಿನ ಕೋಣೆಯಲ್ಲಿ ‘ಸಪ್ಪೆ’ ಎಂಬ ಮಾತಿಗೆ ಇದ್ದ ಮರ್ಯಾದೆ ಬೇರೆ ಯಾವ ಮಾತಿಗೂ ಇರಲಿಲ್ಲ. ಹೊಗೆಯದು, ಹಣ್ಣಿನದು, ಮರದ್ದು ಎಲ್ಲ ಒಂದೇ ಪಾತ್ರೆಗೆ ಬಿದ್ದರೆ ಒಂದನ್ನೊಂದು ಕಚ್ಚಾಡುತ್ತವೆ. ಸಪ್ಪೆ ಬೆರೆತರೆ ಮಾತ್ರ ಪ್ರತಿಯೊಂದೂ ತನ್ನ ಜಾಗದಲ್ಲಿ ಕೂರುತ್ತದೆ. ‘ಸಪ್ಪೆ ಚೆನ್ನಾಗಿದ್ದರೆ ಉಳಿದದ್ದನ್ನು ನಾನು ನೋಡ್ಕೋತೀನಿ’ ಅನ್ನುತ್ತಿದ್ದರು ಅವನ ಗುರುಗಳು. ಮೂಗಪ್ಪ ಆ ಅರ್ಥದಲ್ಲಿ ಹೇಳಿದ. ಆದರೆ ಅವನು ನಿಂತಿದ್ದು ಹೊಲಿಗೆ ಅಂಗಡಿಯಲ್ಲಿ.

“ಭಾವಾ!” ಅಂತ ನಾದಿನಿ ಕೂಗಿದಳು.

ಹೆಂಡತಿ ನಾಲ್ಕನೇ ಗ್ಲಾಸಿಗೆ ಬಿಲ್ಲೆ ಮುಚ್ಚಿದಳು, ಬಹಳ ಮೆಲ್ಲಗೆ. “ಸಪ್ಪೆ” ಅಂದಳು, ಲೆಕ್ಕ ಸರಿಯಾಯಿತು ಅನ್ನುವ ಹಾಗೆ. ಎದ್ದು ಹೋಗಿ ಒಲೆ ಹಚ್ಚಿ, ಬಾಣಲೆಗೆ ಈರುಳ್ಳಿ ಸುರಿದಳು. ಅವನು ಏನೋ ಹೇಳಿದ. ಚುರುಗುಟ್ಟುವ ಸದ್ದಿನಲ್ಲಿ ಅದು ಕೇಳಿಸಲಿಲ್ಲ.

ಮರುದಿನ ಮೇಸ್ತ್ರಿಯ ಮುಂದೆ ಎಲ್ಲ ಒಪ್ಪಿಸಿದ. ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟು ನಕ್ಕ. ನಗುತ್ತ ನಗುತ್ತ ಮೂಗಪ್ಪನ ಮುಖ ನೋಡಿ ನಿಲ್ಲಿಸಿದ.

“ಅಲ್ಲಯ್ಯಾ, ಕಟ್ಕೊಂಡ ಹೆಂಡತಿ ಮುಖದ ಮೇಲೆ ಸಪ್ಪೆ ಅಂದ್ಯಾ? ಆ ಮಾತು ಈ ಗೇಟಿನ ಆಚೆ ಬೈಗುಳ ಕಣೋ!”

“ನನಗೆ ಹೊಳೀಲೇ ಇಲ್ಲ. ಇಲ್ಲೇ ಇದ್ದೂ ಇದ್ದೂ...”

“ನೀನು ಮೂಗಪ್ಪ ಅಲ್ಲ, ಮೂಗನೇ ಆಗಿದ್ರೆ ಚೆನ್ನಾಗಿತ್ತು. ನೋಡು, ಇನ್ನು ಬಾಯಿ ಬಿಡಬೇಡ. ಬೆರೆಸಿ ಕೊಡು. ಅವರಿಗೆ ಮೂಗಿದೆ ಅಂತೀಯಲ್ಲ, ಮೂಗಿಗೇ ಹೇಳು.”

ಮುಂದಿನ ಭಾನುವಾರ ಅವನು ಎರಡೇ ಗ್ಲಾಸು ಇಟ್ಟ. ನಾದಿನಿ ಅವನ ಕಡೆ ಬೆನ್ನು ಹಾಕಿ ಕೂತು ಮೆಷಿನ್ ತುಳಿಯುತ್ತಿದ್ದಳು. ಹೆಂಡತಿ ಬರುವುದಿಲ್ಲವೇನೋ ಅಂದುಕೊಂಡ. ಬಂದಳು. ಕೂರಲಿಲ್ಲ. ನಿಂತೇ ಮೊದಲನೆಯದನ್ನು ಮೂಸಿದಳು.

“ಹೋದ ವಾರದ ಮೂರೂ ಇದರಲ್ಲಿವೆ. ಮೂರು ಜನ ಒಟ್ಟಿಗೆ ಕೂಗಾಡ್ತಿದಾರೆ. ಯಾರ ಮಾತೂ ಕಿವಿಗೆ ಬೀಳ್ತಿಲ್ಲ.”

ಎರಡನೆಯದನ್ನು ಮೂಸಿದಳು. ಸ್ಟೂಲು ಎಳೆದುಕೊಂಡು ಕೂತು, ಮತ್ತೆ ಮೂಸಿದಳು. “ಇದರಲ್ಲಿ ಒಬ್ಬೊಬ್ಬರಾಗಿ ಮಾತಾಡ್ತಿದಾರೆ. ಮೊದಲು ಸೇಬು. ಆಮೇಲೆ ದ್ರಾಕ್ಷಿ. ಹೊಗೆ ಕೊನೇಲಿ, ದೂರದಲ್ಲಿ. ಅವೇ ಮೂರಲ್ವಾ? ಏನು ಮಾಡಿದ್ರಿ?”

ಅವನು ಬಾಯಿ ಬಿಡಲಿಲ್ಲ. ನಾಲ್ಕನೇ ಸೀಸೆಯನ್ನು ಚೀಲದಿಂದ ತೆಗೆದು ಅವಳ ಮುಂದೆ ಇಟ್ಟ.

ಅವಳಿಗೆ ಅರ್ಥವಾಯಿತು. ಮೆಷಿನ್ ಸದ್ದು ನಿಂತಿತ್ತು. ಅವಳು ಆ ಸೀಸೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಇದನ್ನೇ ಹೇಳೋಕೆ ಹೊರಟಿದ್ರಾ ಅವತ್ತು?”

ಹೌದೆಂದು ತಲೆಯಾಡಿಸಿದ.

“ಮುಂಚೆ ಯಾಕೆ ಹೇಳಲಿಲ್ಲ?”

“ಮುಂಚೆ ಗೊತ್ತಿರಲಿಲ್ಲ. ನೀನು ಹೋದ್ಮೇಲೆ ಗೊತ್ತಾಯ್ತು.”

ಅವಳು ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡಳು. ಒಂದು ಕ್ಷಣ ಮೂಗಪ್ಪನಿಗೆ ಮನೆಯ ಬಾಗಿಲು ತೆರೆದ ಸದ್ದೇ ಕೇಳಿಸಿತು ಅನ್ನಿ.

“ಒಳ್ಳೇ ಮಾತು ಹೇಳಿದ್ರಿ. ಮನಸ್ಸಿಗೆ ಮುಟ್ಟಿತು” ಅಂದಳು. “ಆದ್ರೆ ರೀ, ನೀವು ಹೇಗೆ ರಿಟೈರ್ ಆದ್ರೋ, ನಾನೂ ಹಾಗೇ ಈ ಕೆಲಸದಿಂದ ರಿಟೈರ್ ಆಗಿದೀನಿ. ಬೇರೆಯವರ ರುಚಿ ಎತ್ತಿ ಹಿಡಿಯೋಕೆ ಇನ್ನು ನನ್ನ ಕೈಲಿ ಆಗಲ್ಲ. ಆ ಮನೆಗೆ ಬಂದ್ರೆ ನೀವು ಬೇಡ ಅಂದ್ರೂ ನಾನು ಮತ್ತೆ ಅದೇ ಆಗ್ಬಿಡ್ತೀನಿ. ನನಗೆ ನನ್ನ ಮೇಲೇ ನಂಬಿಕೆ ಇಲ್ಲ.”

“ಹಾಗಾದ್ರೆ ನಾನೇ...” ಅಂದು ಅವನು ಕೋಣೆಯ ಸುತ್ತ ನೋಡಿದ. ಎರಡು ಮಂಚ, ಎರಡು ಮೆಷಿನ್, ಬಟ್ಟೆಯ ಗಂಟುಗಳು. ಮಾತು ಅಲ್ಲಿಗೇ ನಿಂತಿತು.

“ಭಾನುವಾರ ಬನ್ನಿ. ಊಟ ಮಾಡ್ಕೊಂಡು ಸಂಜೆ ಬಸ್ಸಿಗೆ ಹೋಗಿ. ಪ್ರತಿ ವಾರ ಬನ್ನಿ, ಯಾರು ಬೇಡ ಅಂದ್ರು? ಬರುವಾಗ ನನ್ನ ಕಂದು ಶಾಲು ತಂದುಕೊಡಿ. ಬೀರುವಿನ ಮೇಲಿನ ಅರೆಯಲ್ಲಿದೆ. ಇಲ್ಲಿ ಚಳಿ ಶುರುವಾಯ್ತು.”

“ಆ ಹೊಗೆದು ಮಿಕ್ಕಿದ್ರೆ ಇಲ್ಲೇ ಬಿಟ್ಟುಹೋಗಿ ಭಾವ” ಅಂದಳು ನಾದಿನಿ, ತಿರುಗದೆ. “ಅಕ್ಕ ವಾರವಿಡೀ ಅದನ್ನೇ ಹೇಳ್ತಿದ್ಲು.”

ಬಿಟ್ಟು ಬಂದ.

ಸಂಜೆಯ ಬೆಳಕು ಇನ್ನೂ ಇರುವಾಗಲೇ ಮನೆ ಸೇರಿ, ಕುರ್ಚಿ ಹತ್ತಿ ಬೀರುವಿನ ಮೇಲಿನ ಅರೆಯಿಂದ ಶಾಲು ಇಳಿಸಿದ. ಇಪ್ಪತ್ತು ವರ್ಷ ಅವಳು ಹೊದ್ದ ಶಾಲು. ಅಂಚಿನಲ್ಲಿ ಅವಳೇ ಹಾಕಿದ ಹೊಲಿಗೆ. ಕುರ್ಚಿಯ ಮೇಲೆ ನಿಂತೇ ಅದನ್ನು ಮುಖಕ್ಕೆ ಒತ್ತಿ, ಬಾಯಿ ಅರೆ ತೆರೆದು ಉಸಿರೆಳೆದ. ಮಡಿಕೆ ಬಿಚ್ಚಿ ಒಳಗಡೆಯಿಂದ ಎಳೆದ. ಕತ್ತಿನ ಹತ್ತಿರ ಬರುವ ಜಾಗ ಹುಡುಕಿ ಅಲ್ಲಿ ಎಳೆದ. ನಾನೂರು ಪೀಪಾಯಿಗಳನ್ನು ಕಣ್ಣು ಮುಚ್ಚಿ ಗುರುತು ಹಿಡಿಯುತ್ತಿದ್ದ ಮೂಗು. ಶಾಲಿನಲ್ಲಿ ಏನೂ ಇರಲಿಲ್ಲ. ಅವಳು ಅದನ್ನು ನಾಲ್ಕು ನೀರಿನಲ್ಲಿ ಜಾಲಿಸಿ ಒಣಗಿಸಿ ಇಟ್ಟಿದ್ದಳು.

ಕೆಳಗಿಳಿದು, ಶಾಲನ್ನು ಮೊದಲಿನ ಮಡಿಕೆಗೇ ಮಡಚಿ, ಹಳೆಯ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ. ಬಾಗಿಲ ಪಕ್ಕದ ಕುರ್ಚಿ ಮೇಲೆ ಇಟ್ಟು, ಎದುರಿಗೆ ಕೂತ. ಮುಂದಿನ ಭಾನುವಾರಕ್ಕೆ ಇನ್ನೂ ಏಳು ದಿನವಿತ್ತು.